ಯಂತ್ರ ಹೇಳಿದ ಕಾರಣ

ರೋಗಿಯೊಬ್ಬನು ವೈದ್ಯರ ಬಳಿಗೆ ಹೋಗಿ “ನನಗೆ ಜ್ವರ ಬಂದಿದೆ” ಎಂದು ಹೇಳಿದರೆ ವೈದ್ಯರು ಆ ಮಾತನ್ನು ನಂಬುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಜ್ವರವು ರೋಗವಲ್ಲ, ರೋಗದ ಲಕ್ಷಣ ಮಾತ್ರ ಎಂಬುದು ಅವರಿಗೆ ಗೊತ್ತು. ಮೈ ಬಿಸಿಯಾಗಿರುವುದು ಮಲೇರಿಯದಿಂದಲೋ, ವಿಷಮಶೀತದಿಂದಲೋ, ಕೀವುಗಟ್ಟಿದ ಗಾಯದಿಂದಲೋ ಎಂಬುದನ್ನು ಪರೀಕ್ಷಿಸಿ ತಿಳಿದ ಮೇಲೆಯೇ ಅವರು ಔಷಧವನ್ನು ಬರೆದುಕೊಡುತ್ತಾರೆ. ಗಣಕಯಂತ್ರವೂ ಕೆಟ್ಟಾಗ ತನ್ನ ತೊಂದರೆಯನ್ನು ಪರದೆಯ ಮೇಲೆ ಒಂದೆರಡು ವಾಕ್ಯಗಳಲ್ಲಿ ಹೇಳಿಕೊಳ್ಳುತ್ತದೆ. ಆ ವಾಕ್ಯವನ್ನು ಲಕ್ಷಣವೆಂದು ತಿಳಿಯದೆ ಕಾರಣವೆಂದೇ ನಂಬಿ ಚಿಕಿತ್ಸೆಗೆ ತೊಡಗುವವರು ಬಹುಮಂದಿ. ಈ ನಂಬಿಕೆಯಿಂದ ಒದಗುವ ಹಾನಿ ಎಂಥದು, ಅದರಿಂದ ಪಾರಾಗುವ ಬಗೆ ಹೇಗೆ ಎಂಬುದನ್ನು ಇ-ಮೇಲ್ ತಂತ್ರಾಂಶವೊಂದರ ನಿದರ್ಶನದಿಂದ ತಿಳಿದುಕೊಳ್ಳೋಣ.

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರವನ್ನು ಕಳುಹಿಸುವ ವಿಧಾನವನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ರೂಪಿಸಿದರು. ಹೀಗೆ ಹುಟ್ಟಿದ ಇ-ಮೇಲ್ ಕಾಲಕ್ರಮದಲ್ಲಿ ಕಚೇರಿಗಳ ನಿತ್ಯದ ಉಪಕರಣವಾಯಿತು. ಬಂದ ಪತ್ರಗಳನ್ನು ಮೇಜಿನ ಮೇಲಿನ ಗಣಕದಲ್ಲಿಯೇ ಸಂಗ್ರಹಿಸಿಟ್ಟು, ಬೇಕಾದಾಗ ಹುಡುಕಿ ಕೊಡುವ ತಂತ್ರಾಂಶಗಳೂ ಬಂದವು. 1997ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್, 2004ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಮೊಜಿಲ್ಲಾದ ಥಂಡರ್‌ಬರ್ಡ್ ಇವುಗಳಲ್ಲಿ ಹೆಸರಾದವು. ಪತ್ರ, ವಿಳಾಸ, ದಿನಚರಿ, ಪತ್ರದೊಡನೆ ಬಂದ ಲಗತ್ತು ಇವೆಲ್ಲವೂ ಇಂಥ ತಂತ್ರಾಂಶದ ವಶದಲ್ಲಿರುತ್ತವೆ. ಹಿಂದಿನ ಕಚೇರಿಗಳಲ್ಲಿ ಬೀಗ ಹಾಕಿದ ಕಡತದ ಕಪಾಟಿಗೆ ಯಾವ ಮಹತ್ತ್ವವಿತ್ತೋ ಅದೇ ಮಹತ್ತ್ವ ಇದಕ್ಕೂ ಉಂಟು.

ಈಗ ಒಂದು ಸಹಕಾರ ಸಂಘದ ಕಚೇರಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿಯ ಗುಮಾಸ್ತರು ಒಂಬತ್ತು ವರ್ಷಗಳ ಪತ್ರವ್ಯವಹಾರವನ್ನು ಔಟ್‌ಲುಕ್‌ನಲ್ಲಿ ಜೋಪಾನ ಮಾಡಿದ್ದಾರೆ. ಸಾಲದ ಮಂಜೂರಾತಿ, ಸದಸ್ಯರ ದೂರು, ಲೆಕ್ಕಪರಿಶೋಧಕರ ಪ್ರಶ್ನೆ ಎಲ್ಲವೂ ಅದರಲ್ಲಿವೆ. ಒಂದು ದಿನ ಮಧ್ಯಾಹ್ನ ಅವರು ಪತ್ರವೊಂದನ್ನು ತೆರೆಯಹೋದಾಗ “ಮೆಮೊರಿ ಅಥವಾ ಸಿಸ್ಟಂ ಸಂಪನ್ಮೂಲಗಳು ಮುಗಿದಿವೆ, ಕೆಲವು ವಿಂಡೋಗಳನ್ನು ಇಲ್ಲವೆ ಪ್ರೋಗ್ರಾಂಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ” ಎಂಬರ್ಥದ ಸೂಚನೆ ಇಂಗ್ಲಿಷಿನಲ್ಲಿ ಮೂಡುತ್ತದೆ. ಗುಮಾಸ್ತರು ಬೇರೆ ಪ್ರೋಗ್ರಾಂಗಳನ್ನು ಮುಚ್ಚುತ್ತಾರೆ; ಸೂಚನೆ ಮತ್ತೆ ಬರುತ್ತದೆ. ಮೆಮೊರಿ ಸಾಲದೆಂದು ಯಂತ್ರವೇ ಹೇಳಿದ ಮೇಲೆ ಸಂಶಯವೇನೆಂದು ಸಂಘದವರು ಹಣ ತೆತ್ತು ಹೊಸ ಮೆಮೊರಿಯನ್ನು ಹಾಕಿಸುತ್ತಾರೆ. ಮರುದಿನ ಅದೇ ಸೂಚನೆ. ಕೊನೆಗೆ ಜಾಗ ಬಿಡಿಸಬೇಕೆಂದು ಮೊದಲ ನಾಲ್ಕು ವರ್ಷಗಳ ಪತ್ರಗಳನ್ನು ಅಳಿಸಿಹಾಕುತ್ತಾರೆ. ಸೂಚನೆ ಆಗಲೂ ಹೋಗುವುದಿಲ್ಲ. ಪತ್ರಗಳು ಮಾತ್ರ ಹೋಗುತ್ತವೆ. ಮುಂದೆ ಸದಸ್ಯರೊಬ್ಬರು ತಮ್ಮ ಸಾಲ ತೀರಿದ ಬಗ್ಗೆ ಆಧಾರ ಕೇಳಿದಾಗ ಸಂಘದ ಬಳಿ ತೋರಿಸಲು ಏನೂ ಇರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಇಲ್ಲಿ ಯಂತ್ರವು ಸುಳ್ಳು ಹೇಳಿತೆ? ಹಾಗೆನ್ನುವಂತಿಲ್ಲ. ಆದರೆ ಅದು ಹೇಳಿದ ಮಾತಿನ ಅರ್ಥವು ಗುಮಾಸ್ತರು ಗ್ರಹಿಸಿದ ಅರ್ಥವಾಗಿರಲಿಲ್ಲ. ಇದು ಸ್ಪಷ್ಟವಾಗಬೇಕಾದರೆ ಮೆಮೊರಿ ಎಂಬ ಪದವು ಗಣಕದಲ್ಲಿ ಏನೇನನ್ನು ಸೂಚಿಸುತ್ತದೆಂಬುದನ್ನು ತಿಳಿಯಬೇಕು.

ಕಚೇರಿಯ ಗುಮಾಸ್ತನಿಗೆ ಒಂದು ಮೇಜು, ಒಂದು ಕಪಾಟು ಇರುತ್ತವೆ. ಕಪಾಟಿನಲ್ಲಿ ಸಾವಿರಾರು ಕಡತಗಳಿದ್ದರೂ ಕೆಲಸ ಮಾಡುವುದು ಮೇಜಿನ ಮೇಲೆ ಹರಡಿಕೊಂಡ ನಾಲ್ಕಾರು ಕಡತಗಳಲ್ಲಿ. ಗಣಕದಲ್ಲಿ ಹಾರ್ಡ್ ಡಿಸ್ಕ್ ಕಪಾಟಿನಂತೆ; ವಿದ್ಯುತ್ತು ಹೋದರೂ ಅದರಲ್ಲಿರುವುದು ಅಳಿಯುವುದಿಲ್ಲ. ರ‍್ಯಾಮ್ ಎಂದು ಕರೆಯುವ ತಾತ್ಕಾಲಿಕ ಸ್ಮರಣೆಯು ಮೇಜಿನಂತೆ; ಅಂಗಡಿಯಲ್ಲಿ ಮೆಮೊರಿ ಎಂದು ಮಾರುವುದು ಇದನ್ನೇ. ಇವೆರಡರಲ್ಲಿ ಯಾವುದು ತುಂಬಿದರೂ ಕೆಲಸ ಕೆಡುತ್ತದೆಂಬುದು ಸರ್ವವಿದಿತ. ಆದರೆ ಇವೆರಡಲ್ಲದೆ, ಕಣ್ಣಿಗೆ ಕಾಣದ ಇನ್ನೂ ಕೆಲವು ಮಿತಿಗಳು ಉಂಟು. ದಾರಿ ತಪ್ಪಿಸುವ ಸೂಚನೆಗಳು ಬಹುಮಟ್ಟಿಗೆ ಹುಟ್ಟುವುದು ಅಲ್ಲಿಯೇ.

ಮೊದಲನೆಯದು ವಿಳಾಸದ ಮಿತಿ. ಊರೊಂದರ ಮನೆಗಳಿಗೆ ಸಂಖ್ಯೆ ಕೊಡುವ ನಮೂನೆಯಲ್ಲಿ ಎರಡೇ ಅಂಕಿಗಳಿಗೆ ಸ್ಥಳವಿದೆಯೆಂದುಕೊಳ್ಳಿ. 00ರಿಂದ 99ರವರೆಗೆ ನೂರು ಮನೆಗಳನ್ನು ಮಾತ್ರ ದಾಖಲಿಸಬಹುದು. ಊರಿನ ಸುತ್ತ ಎಷ್ಟೇ ಬಯಲಿದ್ದರೂ ನೂರೊಂದನೆಯ ಮನೆಗೆ ಸಂಖ್ಯೆ ಸಿಗದು. ಗಣಕವು ಸ್ಮರಣೆಯ ಪ್ರತಿಯೊಂದು ಬೈಟಿಗೂ ಹೀಗೆಯೇ ಸಂಖ್ಯೆ ಕೊಡುತ್ತದೆ. 16 ದ್ವಿಮಾನ ಅಂಕಿಗಳಿಂದ 65,536 ಸ್ಥಾನಗಳನ್ನು, ಅಂದರೆ 64 ಕಿಲೋಬೈಟನ್ನು ಗುರುತಿಸಬಹುದು. 32 ಅಂಕಿಗಳಿಂದ 4 ಗಿಗಾಬೈಟನ್ನು ಗುರುತಿಸಬಹುದು. ವಿಂಡೋಸ್ ವ್ಯವಸ್ಥೆಯು ಈ ನಾಲ್ಕರಲ್ಲಿ ಎರಡನ್ನು ಸಾಮಾನ್ಯವಾಗಿ ತನಗೆಂದು ಇರಿಸಿಕೊಂಡು, 32 ಅಂಕಿಗಳ ಪ್ರತಿಯೊಂದು ಪ್ರೋಗ್ರಾಮಿಗೂ ಉಳಿದೆರಡನ್ನು ಬಿಟ್ಟುಕೊಡುತ್ತಿತ್ತು. ಯಂತ್ರದಲ್ಲಿ 16 ಗಿಗಾಬೈಟ್ ರ‍್ಯಾಮ್ ಇದ್ದರೂ ಅಂಥ ಪ್ರೋಗ್ರಾಮಿನ ಪಾಲಿಗೆ ಅದು ಬಯಲಿನಲ್ಲಿ ಬಿದ್ದಿರುವ ನಿವೇಶನದಂತೆ ನಿರುಪಯುಕ್ತ. 64 ಅಂಕಿಗಳ ವಿಳಾಸವನ್ನು ಬಳಸುವ ಔಟ್‌ಲುಕ್ ದೊರೆತದ್ದು 2010ರ ಆವೃತ್ತಿಯಿಂದ ಈಚೆಗೆ.

ಇದಕ್ಕೆ ಸೇರಿದಂತೆ ಇನ್ನೊಂದು ತೊಡಕುಂಟು. ಮದುವೆಯ ಊಟದ ಪಂಕ್ತಿಯಲ್ಲಿ ನಲವತ್ತು ಎಲೆಗಳು ಖಾಲಿಯಿರಬಹುದು. ಆದರೆ ಅವು ಅಲ್ಲೊಂದು ಇಲ್ಲೊಂದು ಚದುರಿದ್ದರೆ, ಒಟ್ಟಿಗೆ ಕುಳಿತುಕೊಳ್ಳಬೇಕೆನ್ನುವ ಇಪ್ಪತ್ತು ಮಂದಿಗೆ ಸ್ಥಳವಿಲ್ಲವೆಂದೇ ಹೇಳಬೇಕಾಗುತ್ತದೆ. ದೊಡ್ಡ ಲಗತ್ತೊಂದನ್ನು ತೆರೆಯಲು ಪ್ರೋಗ್ರಾಮು ಒಂದೇ ಎಡೆಯಲ್ಲಿ ಅಖಂಡವಾದ ಸ್ಥಳವನ್ನು ಕೇಳಿದಾಗಲೂ ಹೀಗಾಗುವುದುಂಟು. ಒಟ್ಟು ಲೆಕ್ಕದಲ್ಲಿ ಸ್ಥಳ ಬೇಕಾದಷ್ಟಿರುತ್ತದೆ. ಕೇಳಿದ ಆಕಾರದಲ್ಲಿ ಇರುವುದಿಲ್ಲ.

ಎರಡನೆಯದು ಬಿಲ್ಲೆಗಳ ಮಿತಿ. ಗ್ರಂಥಾಲಯದಲ್ಲಿ ಪುಸ್ತಕಗಳು ರಾಶಿಯಾಗಿದ್ದರೂ ಪ್ರತಿ ಸದಸ್ಯನಿಗೆ ಮೂರೇ ಬಿಲ್ಲೆಗಳೆಂದು ನಿಯಮವಿದ್ದರೆ ನಾಲ್ಕನೆಯ ಪುಸ್ತಕ ಅವನಿಗೆ ದೊರೆಯದು. ಪರದೆಯ ಮೇಲೆ ಕಾಣುವ ಪ್ರತಿಯೊಂದು ಅಕ್ಷರವಿನ್ಯಾಸ, ಬಣ್ಣದ ಕುಂಚ, ಚಿತ್ರ ಇವುಗಳಿಗಾಗಿ ವಿಂಡೋಸ್ ವ್ಯವಸ್ಥೆಯು ಪ್ರೋಗ್ರಾಮಿಗೆ ಒಂದೊಂದು ಬಿಲ್ಲೆಯನ್ನು ಕೊಡುತ್ತದೆ. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವುದು 10,000 ಬಿಲ್ಲೆಗಳು. ಕೆಲಸವಾದ ಮೇಲೆ ಬಿಲ್ಲೆಯನ್ನು ಹಿಂದಿರುಗಿಸಬೇಕು. ಪ್ರೋಗ್ರಾಮು ಅಥವಾ ಅದಕ್ಕೆ ಅಂಟಿಸಿದ ಉಪಾಂಗವೊಂದು ಹಿಂದಿರುಗಿಸುವುದನ್ನು ಮರೆತರೆ, ಬೆಳಗ್ಗೆ ಚೆನ್ನಾಗಿ ನಡೆದ ತಂತ್ರಾಂಶವು ಮಧ್ಯಾಹ್ನದ ವೇಳೆಗೆ ಹೊಸ ವಿಂಡೋ ತೆರೆಯಲಾರದೆ ನಿಲ್ಲುತ್ತದೆ.

1990ರ ದಶಕದಲ್ಲಿ ವಿಂಡೋಸ್ ಬಳಸಿದವರಿಗೆ ಈ ಅನುಭವ ಹೊಸದಲ್ಲ. ವಿಂಡೋಸ್ 3.1ರಲ್ಲಿ ಚಿತ್ರಗಳ ಹಾಗೂ ವಿಂಡೋಗಳ ದಾಖಲೆಗೆ ಮೀಸಲಾದ ಭಾಗಗಳು 64 ಕಿಲೋಬೈಟಿನ ಸಣ್ಣ ಕೋಣೆಗಳಾಗಿದ್ದವು. ಅವು ತುಂಬಿದೊಡನೆ, ಯಂತ್ರದಲ್ಲಿ ಎಷ್ಟೋ ಮೆಗಾಬೈಟುಗಳು ಖಾಲಿಯಿದ್ದರೂ, ಮೆಮೊರಿ ಸಾಲದೆಂಬ ಸೂಚನೆ ಬರುತ್ತಿತ್ತು. ವಿಂಡೋಸ್ ಎನ್‌ಟಿ ವಂಶದ ವ್ಯವಸ್ಥೆಗಳಲ್ಲಿ ಈ ಕೋಣೆ ಹಿರಿದಾಯಿತು. ಮಿತಿ ಮಾತ್ರ ಅಳಿಯಲಿಲ್ಲ. ಬಳಕೆದಾರನ ಪರದೆಗೆ ಸಂಬಂಧಿಸಿದ ಇಂಥ ಮೀಸಲು ಭಾಗವು ತುಂಬಿದಾಗಲೂ ಮೆಮೊರಿ ಮುಗಿಯಿತೆಂಬ ಸೂಚನೆಯೇ ಬರುವುದೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ತನ್ನ ಬಳಕೆದಾರರಿಗೆ ವಿವರಿಸಿತು.

ಮೂರನೆಯದು ಕಡತದ ಮಿತಿ. ಔಟ್‌ಲುಕ್ ತನ್ನ ಪತ್ರಗಳನ್ನೆಲ್ಲ ಒಂದೇ ದೊಡ್ಡ ಕಡತದೊಳಗೆ ಇರಿಸುತ್ತದೆ. 1997ರಿಂದ 2002ರವರೆಗಿನ ಆವೃತ್ತಿಗಳಲ್ಲಿ ಈ ಕಡತವು 2 ಗಿಗಾಬೈಟನ್ನು ದಾಟುವಂತಿರಲಿಲ್ಲ. ದಾಟಿದರೆ ಕಡತವೇ ತೆರೆಯದಂತಾಗುತ್ತಿತ್ತು. ಅದನ್ನು ಮತ್ತೆ ತೆರೆಯಲು ಸಂಸ್ಥೆಯು ಒದಗಿಸಿದ ಉಪಕರಣವು ಮಿತಿಗಿಂತ ಹೆಚ್ಚಾದ ಭಾಗವನ್ನು ಕತ್ತರಿಸಿಹಾಕುತ್ತಿತ್ತು. ಕತ್ತರಿಗೆ ಸಿಕ್ಕ ಪತ್ರಗಳಿಗೆ ಉಳಿವಿರಲಿಲ್ಲ. 2003ರ ಆವೃತ್ತಿಯಲ್ಲಿ ಯೂನಿಕೋಡ್ ಪದ್ಧತಿಯ ಕಡತ ಬಂದು ಮಿತಿಯು 20 ಗಿಗಾಬೈಟಿಗೂ, 2010ರಲ್ಲಿ 50 ಗಿಗಾಬೈಟಿಗೂ ಏರಿತು. ಕನ್ನಡದಂಥ ಲಿಪಿಯಲ್ಲಿರುವ ವಿಷಯಸಾಲನ್ನು ಕೆಡದಂತೆ ಕಾಪಾಡಲು ಅನುಕೂಲವಾದದ್ದೂ ಈ ಹೊಸ ಪದ್ಧತಿಯೇ. ಇನ್ನೊಂದು ಸಂಗತಿಯನ್ನು ಇಲ್ಲಿ ನೆನಪಿಡಬೇಕು. ಪತ್ರವನ್ನು ಅಳಿಸಿದ ಮಾತ್ರಕ್ಕೆ ಕಡತದ ಗಾತ್ರ ಒಡನೆಯೇ ಇಳಿಯುವುದಿಲ್ಲ. ಔಟ್‌ಲುಕ್ ಆಗಲಿ ಥಂಡರ್‌ಬರ್ಡ್ ಆಗಲಿ, ಅಳಿಸಿದ ಸ್ಥಳವನ್ನು ನಿಜವಾಗಿ ಬಿಟ್ಟುಕೊಡಬೇಕಾದರೆ ಕಡತವನ್ನು ಸಾಂದ್ರಗೊಳಿಸುವ ಬೇರೊಂದು ಕ್ರಿಯೆ ನಡೆಯಬೇಕು. ಆದ್ದರಿಂದ ನಮ್ಮ ಗುಮಾಸ್ತರು ನಾಲ್ಕು ವರ್ಷಗಳ ಪತ್ರಗಳನ್ನು ಕಳೆದುಕೊಂಡರೂ ಸ್ಥಳವನ್ನು ಸಹ ಗಳಿಸಲಿಲ್ಲ.

ಮಿತಿಗಳು ಇಷ್ಟು ಬಗೆಯಾಗಿರುವಾಗ ಯಂತ್ರವು ಎಲ್ಲಕ್ಕೂ ಒಂದೇ ಮಾತನ್ನು ಏಕೆ ಹೇಳುತ್ತದೆ? ದೂರದ ಕಚೇರಿಗೆ ಅರ್ಜಿ ಹೋದ ಬಗೆಯನ್ನು ನೆನೆದರೆ ಇದು ತಿಳಿಯುತ್ತದೆ. ರೈತನೊಬ್ಬನ ಅರ್ಜಿಯು ಒಂದು ಮೇಜಿನಿಂದ ಇನ್ನೊಂದಕ್ಕೆ ಏರುತ್ತ ಹೋಗುತ್ತದೆ. ಮೇಲಿನ ಅಧಿಕಾರಿಯು “ಪಹಣಿಯ ನಕಲು ಇಲ್ಲದ ಕಾರಣ ಈಗ ಹಣ ಬಿಡುಗಡೆ ಮಾಡಲಾಗದು” ಎಂದು ಷರಾ ಬರೆಯುತ್ತಾರೆ. ಅದು ಮೇಜಿನಿಂದ ಮೇಜಿಗೆ ಇಳಿದು ಬರುವಾಗ ಒಂದೊಂದೇ ಮಾತು ಉದುರಿಹೋಗಿ, ಬಾಗಿಲಲ್ಲಿ ನಿಂತ ಜವಾನನ ಬಾಯಲ್ಲಿ “ಹಣವಿಲ್ಲವಂತೆ” ಎಂದಷ್ಟೇ ಆಗುತ್ತದೆ. ರೈತನು ಸರ್ಕಾರದ ಬೊಕ್ಕಸ ಬರಿದಾಯಿತೆಂದು ಭಾವಿಸಿ ಹಿಂದಿರುಗುತ್ತಾನೆ. ನಕಲು ತಂದುಕೊಟ್ಟಿದ್ದರೆ ಕೆಲಸವಾಗುತ್ತಿತ್ತು.

ಇ-ಮೇಲ್ ತಂತ್ರಾಂಶವೂ ಹಲವು ಅಂತಸ್ತುಗಳ ಕಟ್ಟಡ. ಮೇಲಿನ ಅಂತಸ್ತು ಪತ್ರವನ್ನು ತೋರಿಸೆಂದು ಕೇಳುತ್ತದೆ. ನಡುವಿನದು ಕಡತವನ್ನು ಓದುತ್ತದೆ. ಕೆಳಗಿನದು ವಿಂಡೋಸ್ ವ್ಯವಸ್ಥೆಯಿಂದ ಸ್ಥಳವನ್ನೋ ಬಿಲ್ಲೆಯನ್ನೋ ಬೇಡುತ್ತದೆ. ಬೇಡಿಕೆ ಈಡೇರದಿದ್ದಾಗ ಕೆಳಗಿನ ಅಂತಸ್ತು ಮೇಲಕ್ಕೆ ಕಳುಹಿಸುವುದು ವಿವರವನ್ನಲ್ಲ, ಒಂದು ಸಂಖ್ಯೆಯನ್ನು. ವಿಂಡೋಸ್‌ನ ಪಟ್ಟಿಯಲ್ಲಿ 2 ಎಂದರೆ ಕಡತ ಸಿಗಲಿಲ್ಲ, 5 ಎಂದರೆ ಪ್ರವೇಶ ನಿರಾಕರಿಸಲಾಗಿದೆ, 8 ಎಂದರೆ ಮೆಮೊರಿ ಸಾಲದು. ಹೊಸ ಬಗೆಯ ವೈಫಲ್ಯಕ್ಕೆ ಪಟ್ಟಿಯಲ್ಲಿ ಸರಿಯಾದ ಸಂಖ್ಯೆ ಇಲ್ಲದಿದ್ದರೆ ತಂತ್ರಾಂಶವನ್ನು ಬರೆದವನು ಹತ್ತಿರದ ಯಾವುದಾದರೊಂದನ್ನು ಆರಿಸಿಕೊಳ್ಳುತ್ತಾನೆ. ಮೇಲಿನ ಅಂತಸ್ತು ಆ ಸಂಖ್ಯೆಗೆ ನಿಗದಿಯಾದ ವಾಕ್ಯವನ್ನು ಪರದೆಯ ಮೇಲೆ ಮೂಡಿಸುತ್ತದೆ. ಹೀಗೆ “ಕೇಳಿದ್ದು ಸಿಗಲಿಲ್ಲ” ಎಂಬ ಸಾಮಾನ್ಯ ಸಂಗತಿಯು “ಮೆಮೊರಿ ಇಲ್ಲ” ಎಂಬ ನಿರ್ದಿಷ್ಟ ಕಾರಣದ ವೇಷವನ್ನು ಧರಿಸುತ್ತದೆ.

ಈ ವೇಷವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವ್ಯವಸ್ಥೆಯಲ್ಲಿ ಚಿತ್ರದ ಕಡತವನ್ನು ತೆರೆಯುವ ಆಜ್ಞೆಯೊಂದಿದೆ. ಕಡತವು ಸರಿಯಾದ ಚಿತ್ರದ ರೂಪದಲ್ಲಿ ಇಲ್ಲದಿದ್ದರೆ ಅದು ಮೆಮೊರಿ ಮುಗಿಯಿತೆಂಬ ದೋಷವನ್ನು ಎತ್ತುತ್ತದೆಂದು ಅದರ ಕೈಪಿಡಿಯೇ ಹೇಳುತ್ತದೆ. ಚಿಕ್ಕದೊಂದು ಕೆಟ್ಟ ಚಿತ್ರಕ್ಕೂ ಮೆಮೊರಿಗೂ ಇಲ್ಲಿ ಯಾವ ಸಂಬಂಧವೂ ಇಲ್ಲ. ಎರಡನೆಯದು ಔಟ್‌ಲುಕ್‌ನದೇ. ಲಗತ್ತನ್ನು ತೆರೆದಾಗ ಅದರ ಪ್ರತಿಯೊಂದು ಗುಪ್ತವಾದ ತಾತ್ಕಾಲಿಕ ಫೋಲ್ಡರಿನಲ್ಲಿ ಉಳಿಯುವುದುಂಟು. ಒಂದೇ ಹೆಸರಿನ ಲಗತ್ತುಗಳು ಬಂದರೆ ಹೆಸರಿನ ಮುಂದೆ 01, 02 ಎಂದು ಸಂಖ್ಯೆ ಸೇರುತ್ತ 99ರವರೆಗೆ ಹೋಗುತ್ತದೆ. ಅದರ ನಂತರದ ಲಗತ್ತನ್ನು ತೆರೆದರೆ ಕಡತವನ್ನು ರಚಿಸಲಾಗದು, ಫೋಲ್ಡರಿನ ಅನುಮತಿಗಳನ್ನು ಪರಿಶೀಲಿಸಿ ಎಂಬ ಸೂಚನೆ ಬರುತ್ತಿತ್ತು. ಅನುಮತಿಯಲ್ಲಿ ದೋಷವೇನೂ ಇರಲಿಲ್ಲ. ತಾತ್ಕಾಲಿಕ ಫೋಲ್ಡರನ್ನು ಗುಡಿಸಿದರೆ ಎಲ್ಲವೂ ಸರಿಹೋಗುತ್ತಿತ್ತು.

ಹೀಗಿರುವಲ್ಲಿ ಇಂಥ ಸೂಚನೆ ಬಂದಾಗ ಮಾಡಬೇಕಾದುದೇನು?

ಎಲ್ಲಕ್ಕಿಂತ ಮೊದಲು ಪತ್ರಗಳ ಕಡತವನ್ನು ಪ್ರತಿ ಮಾಡಿ ಬೇರೆಡೆ ಇಡಬೇಕು. ತಂತ್ರಾಂಶವನ್ನು ಪೂರ್ತಿಯಾಗಿ ಮುಚ್ಚಿದ ಮೇಲೆ ಪ್ರತಿ ಮಾಡುವುದು ಕ್ಷೇಮ. ಕೆಲವು ಏರ್ಪಾಡುಗಳಲ್ಲಿ ಪತ್ರಗಳು ದೂರದ ಸರ್ವರಿನಲ್ಲಿ ಉಳಿದಿದ್ದು, ಗಣಕದಲ್ಲಿರುವುದು ಅವುಗಳ ನಕಲು ಮಾತ್ರ; ಅಂಥ ನಕಲು ಕೆಟ್ಟರೆ ಮತ್ತೆ ಪಡೆಯಬಹುದು. ಬೇರೆ ಕೆಲವು ಏರ್ಪಾಡುಗಳಲ್ಲಿ ಪತ್ರಗಳು ಗಣಕಕ್ಕೆ ಇಳಿದ ಮೇಲೆ ಸರ್ವರಿನಲ್ಲಿ ಉಳಿಯುವುದಿಲ್ಲ. ಆಗ ಮೇಜಿನ ಮೇಲಿನ ಕಡತವೇ ಮೂಲ, ಅದೇ ಏಕೈಕ ಪ್ರತಿ. ತಮ್ಮದು ಇವುಗಳಲ್ಲಿ ಯಾವುದೆಂದು ತಿಳಿಯುವ ಮುನ್ನ ಒಂದು ಪತ್ರವನ್ನೂ ಅಳಿಸತಕ್ಕದ್ದಲ್ಲ.

ಎರಡನೆಯದಾಗಿ, ಸೂಚನೆಯ ಪದಗಳನ್ನು ಇದ್ದಂತೆಯೇ ಬರೆದುಕೊಂಡು, ಅದು ಯಾವ ಸಂದರ್ಭದಲ್ಲಿ ಬರುತ್ತದೆಂದು ಗಮನಿಸಬೇಕು. ಒಂದೇ ಪತ್ರವನ್ನು ತೆರೆದಾಗ ಮಾತ್ರ ಬಂದರೆ ದೋಷವು ಆ ಪತ್ರದಲ್ಲಿ ಇಲ್ಲವೆ ಅದರ ಲಗತ್ತಿನಲ್ಲಿ ಇರಬಹುದು. ಯಾವ ಪತ್ರವನ್ನು ತೆರೆದರೂ ಬಂದರೆ ಕಡತದ ಕಡೆಗೆ ನೋಡಬೇಕು. ಬೆಳಗ್ಗೆ ಬಾರದೆ ಕೆಲವು ಗಂಟೆಗಳ ಬಳಿಕ ಬಂದರೆ, ಪಡೆದುದನ್ನು ಹಿಂದಿರುಗಿಸದ ಯಾವುದೋ ಭಾಗವಿದೆಯೆಂದು ಶಂಕಿಸಬೇಕು. ದೊಡ್ಡ ಲಗತ್ತನ್ನು ಕಳುಹಿಸುವಾಗ ಬಂದರೆ ಗಾತ್ರವನ್ನು ಲೆಕ್ಕ ಹಾಕಬೇಕು. ಪ್ರಯಾಣಕ್ಕಾಗಿ ಲಗತ್ತಿನ ಪ್ರತಿ 3 ಬೈಟುಗಳನ್ನು 4 ಅಕ್ಷರಗಳಾಗಿ ಪರಿವರ್ತಿಸುವುದರಿಂದ 18 ಮೆಗಾಬೈಟಿನ ಕಡತವು ದಾರಿಯಲ್ಲಿ 24 ಮೆಗಾಬೈಟಿಗಿಂತ ಹೆಚ್ಚಾಗುತ್ತದೆ.

ಮೂರನೆಯದಾಗಿ, ಯಂತ್ರದ ಮಾತನ್ನು ಅಳತೆಗೆ ಒಡ್ಡಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ಎಷ್ಟು ಬಳಕೆಯಲ್ಲಿದೆ, ಯಾವ ಪ್ರೋಗ್ರಾಮು ಎಷ್ಟನ್ನು ಹಿಡಿದಿದೆ ಎಂಬುದು ಕಾಣುತ್ತದೆ. ಅದರ ವಿವರಗಳ ಪಟ್ಟಿಯಲ್ಲಿ ಮೇಲೆ ಹೇಳಿದ ಬಿಲ್ಲೆಗಳ ಸಂಖ್ಯೆಯನ್ನೂ ತೋರುವಂತೆ ಮಾಡಬಹುದು. ಜೊತೆಗೆ ಡಿಸ್ಕಿನಲ್ಲಿ ಉಳಿದ ಸ್ಥಳ, ಪತ್ರಗಳ ಕಡತದ ಗಾತ್ರ, ತಂತ್ರಾಂಶವು 32 ಅಂಕಿಗಳದೋ 64 ಅಂಕಿಗಳದೋ ಎಂಬ ಸಂಗತಿ ಇವನ್ನು ಗುರುತು ಹಾಕಿಕೊಳ್ಳಬೇಕು. ಈ ಐದಾರು ಅಂಕಿಗಳು ಕೈಯಲ್ಲಿದ್ದರೆ ಊಹೆಗೆ ಅವಕಾಶ ಕಡಿಮೆಯಾಗುತ್ತದೆ. ಕೆಲವೊಮ್ಮೆ ರ‍್ಯಾಮ್ ನಿಜವಾಗಿಯೂ ತುಂಬಿರುವುದುಂಟು. ಆಗ ಸೂಚನೆ ನಿಜ. ಹೊಸ ಮೆಮೊರಿ ಹಾಕಿಸುವುದೂ ಯುಕ್ತ. ಆದರೆ ಅದು ಅಳತೆಯಿಂದ ಗೊತ್ತಾಗಬೇಕೇ ಹೊರತು ಸೂಚನೆಯಿಂದಲ್ಲ.

ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ ಫಲವನ್ನು ನೋಡಬೇಕು. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಔಟ್‌ಲುಕ್ ತೆರೆದರೆ, ಹೊರಗಿನಿಂದ ಸೇರಿಸಿದ ಉಪಾಂಗಗಳಿಲ್ಲದೆ ಸುರಕ್ಷಿತ ಸ್ಥಿತಿಯಲ್ಲಿ ಅದನ್ನು ನಡೆಸಬಹುದು. ಆಗ ಸೂಚನೆ ಬಾರದಿದ್ದರೆ ತಪ್ಪು ಉಪಾಂಗದ್ದು. ಒಂದೊಂದೇ ಉಪಾಂಗವನ್ನು ಮತ್ತೆ ಸೇರಿಸುತ್ತ ಹೋದರೆ ತಪ್ಪಿತಸ್ಥ ಸಿಕ್ಕಿಬೀಳುತ್ತದೆ. ಸುರಕ್ಷಿತ ಸ್ಥಿತಿಯಲ್ಲಿಯೂ ಬಂದರೆ, ಔಟ್‌ಲುಕ್‌ನೊಡನೆ ದೊರೆಯುವ ದುರಸ್ತಿ ಉಪಕರಣವನ್ನು ಕಡತದ ಪ್ರತಿಯ ಮೇಲೆ ಪ್ರಯೋಗಿಸಬೇಕು, ಮೂಲದ ಮೇಲಲ್ಲ. ಅದರಿಂದಲೂ ಆಗದಿದ್ದರೆ ಹೊಸದೊಂದು ಪ್ರೊಫೈಲನ್ನು ರಚಿಸಿ ಪರೀಕ್ಷಿಸಬಹುದು. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನಿಗೆ ದೋಷ ನಿವಾರಣೆಯಾದರೂ ಯಾವುದರಿಂದ ಆಯಿತೆಂಬುದು ತಿಳಿಯದು; ಅದು ಮರುಕಳಿಸಿದಾಗ ಅವನು ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ.

ಈ ಕ್ರಮವನ್ನು ನಮ್ಮ ಸಹಕಾರ ಸಂಘಕ್ಕೆ ಅನ್ವಯಿಸಿ ನೋಡೋಣ. ಸೂಚನೆ ಬರುತ್ತಿದ್ದುದು ಮಧ್ಯಾಹ್ನದಲ್ಲಿ, ಬೆಳಗ್ಗೆ ಅಲ್ಲ. ರ‍್ಯಾಮಿನ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ. ಕಡತದ ಗಾತ್ರ ಮಿತಿಗಿಂತ ಬಹಳ ಕೆಳಗೆ. ಆದರೆ ಬಿಲ್ಲೆಗಳ ಸಂಖ್ಯೆಯು ಪ್ರತಿ ಪತ್ರವನ್ನು ತೆರೆದಾಗಲೂ ಏರುತ್ತದೆ, ಮುಚ್ಚಿದಾಗ ಇಳಿಯುವುದಿಲ್ಲ. ಸುರಕ್ಷಿತ ಸ್ಥಿತಿಯಲ್ಲಿ ಈ ಏರಿಕೆ ಕಾಣದು. ಅಲ್ಲಿಗೆ ಕಾರಣವು ಎಂದೋ ಸೇರಿಸಿ ಮರೆತ ಒಂದು ಚಿಕ್ಕ ಉಪಾಂಗವೆಂದು ನಿರ್ಣಯವಾಗುತ್ತದೆ. ಅದನ್ನು ತೆಗೆದುಹಾಕಿದರೆ ತೊಂದರೆ ತೀರಿತು. ಇಷ್ಟಕ್ಕೆ ಬೇಕಾದುದು ಅರ್ಧ ದಿನದ ತಾಳ್ಮೆ. ಖರ್ಚಿಲ್ಲ, ಒಂದು ಪತ್ರದ ನಷ್ಟವೂ ಇಲ್ಲ.

ತಂತ್ರಾಂಶಗಳನ್ನು ರಚಿಸುವವರೂ ಇದರಿಂದ ಕಲಿಯಬೇಕಾದುದಿದೆ. ಕೇಳಿದ್ದು ಏನು, ಎಷ್ಟು, ಯಾವ ಮಿತಿಯಿಂದಾಗಿ ಸಿಗಲಿಲ್ಲ ಎಂಬ ಮೂರು ಸಂಗತಿಗಳನ್ನು ತಿಳಿಸುವ ಸೂಚನೆಯು ಬಳಕೆದಾರನ ಹಣವನ್ನೂ ಕಾಲವನ್ನೂ ಉಳಿಸುತ್ತದೆ. ತಿಳಿಯದ ಕಾರಣವನ್ನು ತಿಳಿದಂತೆ ಹೇಳುವುದಕ್ಕಿಂತ “ಈ ಕೆಲಸ ಆಗಲಿಲ್ಲ, ಕಾರಣ ಗೊತ್ತಾಗಿಲ್ಲ” ಎಂದು ಒಪ್ಪಿಕೊಳ್ಳುವ ಸೂಚನೆಯೇ ಮೇಲು. ಮುಂದೆ ಇಂಥ ತಂತ್ರಾಂಶಗಳನ್ನು ಬರೆಯಲಿರುವವರು ಇಂದಿನ ವಿದ್ಯಾರ್ಥಿಗಳೇ ಆದ್ದರಿಂದ ಈ ಮಾತು ಅವರಿಗೂ ಸಲ್ಲುತ್ತದೆ.

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಣ್ಣಿಗೆ ಕಂಡದ್ದನ್ನೇ ಪ್ರಮಾಣಿಸಿ ನೋಡಬೇಕಾದರೆ, ಪರದೆಯ ಮೇಲೆ ಮೂಡಿದ ಸಿದ್ಧವಾಕ್ಯವನ್ನು ಪ್ರಮಾಣಿಸದೆ ಒಪ್ಪುವುದು ಹೇಗೆ? ಯಂತ್ರವು ತಾನು ಎಡವಿದ ಸ್ಥಳವನ್ನು ತೋರಿಸಬಲ್ಲುದು. ಎಡವಿದ್ದು ಯಾವ ಕಲ್ಲನ್ನೆಂದು ಬಾಗಿ ನೋಡುವ ಕೆಲಸ ಮನುಷ್ಯನದೇ.